ಹಳೆಯ ಗಾಡಿಯ ರೋಗವನ್ನು ಯಾರು ಹೇಳಬೇಕು?

ಹಸು ಮೇವು ಬಿಟ್ಟರೆ ನಮ್ಮ ರೈತನು ಸುಮ್ಮನೆ ಕೂರುವುದಿಲ್ಲ. ಎಂದಿನಿಂದ ಬಿಟ್ಟಿತು, ನೀರು ಮುಟ್ಟುತ್ತಿದೆಯೇ, ಮೆಲುಕು ಹಾಕುತ್ತಿದೆಯೇ, ಸಗಣಿ ಗಟ್ಟಿಯೋ ತೆಳುವೋ, ಕಿವಿ ಬಿಸಿಯೋ ತಣ್ಣಗೋ ಎಂದು ಒಂದೊಂದನ್ನೇ ನೋಡಿಕೊಂಡು, ಪಶುವೈದ್ಯರು ಕೇಳುವ ಮೊದಲೇ ಅಷ್ಟನ್ನೂ ಒಪ್ಪಿಸುತ್ತಾನೆ. ಅದೇ ರೈತನ ಹಳೆಯ ಜೀಪು ನಿಂತಿತೆನ್ನಿ, ಮೆಕ್ಯಾನಿಕನ ಮುಂದೆ ಅವನು ಹೇಳುವುದು ಒಂದೇ ಮಾತು: "ಗಾಡಿ ಸ್ಟಾರ್ಟ್ ಆಗ್ತಾ ಇಲ್ಲ, ನೋಡಪ್ಪ." ಇಷ್ಟು ಹೇಳಿ ಪಕ್ಕದ ಅಂಗಡಿಗೆ ಟೀ ಕುಡಿಯಲು ಹೋಗುತ್ತಾನೆ. ಹಿಂತಿರುಗುವಷ್ಟರಲ್ಲಿ ಯಾವುದೋ ಒಂದು ಭಾಗ ಬಿಚ್ಚಿಕೊಂಡು ನೆಲದ ಮೇಲಿರುತ್ತದೆ.

ಗಡಿಯಾಚೆಯ ನಮ್ಮ ಹಳ್ಳಿಗಳಲ್ಲಿ ಹಳೆಯ ಗಾಡಿಗಳ ಮೇಲೆ ನಾವು ಸುರಿಯುವ ಹಣದಲ್ಲಿ ಬಹುಪಾಲು ಕೆಡದೆ ಇರುವ ಭಾಗಗಳನ್ನು ಬದಲಿಸುವುದಕ್ಕೆ ಹೋಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಮೆಕ್ಯಾನಿಕನೊಬ್ಬನನ್ನೇ ದೂರುವುದು ನ್ಯಾಯವಾಗದು. ರೋಗಲಕ್ಷಣವನ್ನು ಕಣ್ಣಾರೆ ಕಂಡವನು ಗಾಡಿಯನ್ನು ಓಡಿಸಿದವನು. ಅವನೇ ಹೇಳದಿದ್ದರೆ ಇನ್ನಾರು ಹೇಳಬೇಕು? ಈ ಪಾಠವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಕೈಸುಟ್ಟುಕೊಂಡು ಕಲಿತೆವು. ಆದಕಾರಣ ಮೊದಲು ಅದನ್ನೇ ಹೇಳಿಬಿಡುತ್ತೇವೆ.

ನಮ್ಮಲ್ಲಿರುವುದು 1998ರ ಡೀಸೆಲ್ ಜೀಪು. ತಾಳವಾಡಿಯಿಂದ ಟೊಮೇಟೊ, ಕೋಸು ತುಂಬಿಕೊಂಡು ಹಾಸನೂರು, ದಿಂಬಂ ದಾಟಿ ಸತ್ಯಮಂಗಲಕ್ಕೆ ಇಳಿಯುವುದು. ಬರುವಾಗ ಗೊಬ್ಬರವನ್ನೋ ಬಿತ್ತನೆಯನ್ನೋ ಹೇರಿಕೊಂಡು ಬಣ್ಣಾರಿಯಿಂದ ಘಾಟಿ ಹತ್ತುವುದು. ಇದೇ ಅದರ ಕೆಲಸ. ದಿಂಬಂ ಘಾಟಿಯ 27 ತಿರುವುಗಳನ್ನು ಕಂಡವರಿಗೆ ಅಲ್ಲಿ ಗಾಡಿ ನಿಲ್ಲುವುದೆಂದರೇನು ಎಂದು ಹೇಳಬೇಕಾಗಿಲ್ಲ. ಕಾಣದವರಿಗಾಗಿ ಹೇಳುವುದಾದರೆ, ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಾಡು. 2022ರ ಫೆಬ್ರವರಿಯಲ್ಲಿ ನ್ಯಾಯಾಲಯದ ಆದೇಶದಂತೆ ರಾತ್ರಿ ಸಂಚಾರಕ್ಕೆ ಕಟ್ಟುಪಾಡು ಬಂದಿತು. ಒಂದು ತಿರುವಿನಲ್ಲಿ ಒಂದು ಗಾಡಿ ನಿಂತರೆ ಮೇಲಿನವೂ ಕೆಳಗಿನವೂ ಸಾಲುಗಟ್ಟಿ ನಿಲ್ಲುತ್ತವೆ. ಕತ್ತಲಾದರೆ ಆನೆ.

ಒಂದು ಸಂಜೆ ಘಾಟಿಯ ಅರ್ಧದಲ್ಲಿ ಜೀಪು ಎರಡು ಸಲ ಮುಗ್ಗರಿಸಿ ನಿಂತಿತು. ಸೆಲ್ಫ್ ಹೊಡೆದರೆ ಇಂಜಿನು ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಹಿಂದಿದ್ದ ಲಾರಿಯ ಚಾಲಕನು ಇಳಿದುಬಂದು, ಕೈಪಂಪಿನ ಗುಂಡಿಯನ್ನು ಒತ್ತಿ ಒತ್ತಿ ಗಾಳಿ ತೆಗೆದ ಮೇಲೆ ಹತ್ತಿಕೊಂಡಿತು. ಮರುವಾರವೂ ಇದೇ ಕಥೆಯಾಯಿತು.

ಗ್ಯಾರೇಜಿಗೆ ಒಯ್ದೆವು. "ಘಾಟಿಯಲ್ಲಿ ಎಳೆಯೋದಿಲ್ಲ, ನಿಂತುಹೋಗುತ್ತೆ" ಎಂದಷ್ಟೇ ಹೇಳಿದೆವು. ಗಾಳಿ ತೆಗೆದ ಮೇಲೆ ಹತ್ತಿತೆಂಬ ಸಂಗತಿಯನ್ನು ಬಾಯಿಬಿಡಲಿಲ್ಲ; ಅದು ಹೇಳತಕ್ಕದ್ದೆಂದು ನಮಗೆ ಹೊಳೆಯಲೇ ಇಲ್ಲ. ಅವರು ಪಂಪನ್ನೂ ನಾಲ್ಕು ನಾಜಲುಗಳನ್ನೂ ಬಿಚ್ಚಿ ಕ್ಯಾಲಿಬ್ರೇಷನ್ನಿಗೆ ಕಳುಹಿಸಿದರು. 14,000 ರೂಪಾಯಿ ಆಯಿತು. ಪರೀಕ್ಷೆಗೆಂದು ಟ್ಯಾಂಕು ತುಂಬಿಸಿ, ಬಯಲು ರಸ್ತೆಯಲ್ಲಿ ಓಡಿಸಿ ತೋರಿಸಿದರು. ಕುದುರೆಯಂತೆ ಓಡಿತು. ಮೂರನೆಯ ಸಲ ಅದೇ ಘಾಟಿಯಲ್ಲಿ ಅದೇ ಮುಗ್ಗರಿಕೆ. ಈ ಬಾರಿ ಫೀಡ್ ಪಂಪು ಹೊಸದಾಯಿತು. ಮತ್ತೆ ತುಂಬಿದ ಟ್ಯಾಂಕು, ಮತ್ತೆ ಬಯಲು ರಸ್ತೆ, ಮತ್ತೆ ಕುದುರೆ. ನಾಲ್ಕನೆಯ ಸಲ ನಿಂತಾಗ ಮಳೆ ಸುರಿಯುತ್ತಿತ್ತು. ಬಿತ್ತನೆಯ ಆಲೂಗೆಡ್ಡೆ ನೆನೆದು, ಕಾಲುಭಾಗ ಕೊಳೆತು, ಆ ವರ್ಷ ಒಂದು ತಾಕು ಬೀಳು ಬಿದ್ದಿತು.

ನಮ್ಮೂರಿನಲ್ಲಿ ಹಿರಿಯ ಟ್ರ್ಯಾಕ್ಟರ್ ಚಾಲಕರೊಬ್ಬರಿದ್ದಾರೆ. ಓದು ಮೂರನೆಯ ತರಗತಿಗೆ ನಿಂತಿತು. ಅವರು ಜಗಲಿಯ ಮೇಲೆ ಕುಳಿತೇ ಕೇಳಿದರು:

"ಮೇಷ್ಟ್ರೇ, ಗಾಡಿ ನಿಂತಾಗ ಟ್ಯಾಂಕಿನಲ್ಲಿ ಎಷ್ಟಿತ್ತು?"

"ಅರ್ಧಕ್ಕಿಂತ ಕಮ್ಮಿ."

"ನಾಕು ಸಲವೂವಾ?"

ಯೋಚಿಸಿ ನೋಡಿದರೆ ನಾಲ್ಕು ಸಲವೂ ಹೌದು.

"ಇಳೀವಾಗ ಯಾವತ್ತಾದರೂ ನಿಂತದಾ?"

"ಇಲ್ಲ."

"ಹಂಗಾದರೆ ಪಂಪಿನ ತಂಟೆಗೆ ಹೋಗಬೇಡಿ. ಟ್ಯಾಂಕಿನ ಕಡೆ ಹೋಗಿ."

ನಮ್ಮ ಜೀಪಿನ ಟ್ಯಾಂಕು ಹಿಂಭಾಗದಲ್ಲಿದೆ. ಏರು ಹತ್ತುವಾಗ ಹಿಂಭಾಗ ತಗ್ಗುತ್ತದೆ, ಇಂಜಿನು ಮೇಲಾಗುತ್ತದೆ. ಟ್ಯಾಂಕು ಅರ್ಧ ಬರಿದಾಗಿದ್ದರೆ ಫೀಡ್ ಪಂಪು ಡೀಸೆಲನ್ನು ಇನ್ನೂ ಬಲವಾಗಿ ಹೀರಬೇಕಾಗುತ್ತದೆ. ಟ್ಯಾಂಕಿನ ಬಾಯಿಯಲ್ಲಿದ್ದ ರಬ್ಬರ್ ಪೈಪು ಒಣಗಿ ಕೂದಲೆಳೆಯಷ್ಟು ಸೀಳಿತ್ತು. ಬಯಲಿನಲ್ಲಿ, ತುಂಬಿದ ಟ್ಯಾಂಕಿನಲ್ಲಿ ಆ ಸೀಳು ಸುಮ್ಮನಿರುತ್ತಿತ್ತು. ಏರಿನಲ್ಲಿ ಅದು ಗಾಳಿ ಕುಡಿಯುತ್ತಿತ್ತು. ಹೀರುವ ಕಡೆಯ ಸೀಳಿನ ಗುಣವೇ ಇದು. ಒಂದು ತೊಟ್ಟು ಡೀಸೆಲೂ ನೆಲಕ್ಕೆ ಬೀಳುವುದಿಲ್ಲವಾದ್ದರಿಂದ ಕಣ್ಣಿಗೆ ಕಾಣದು. ಐದು ಲೀಟರ್ ಡಬ್ಬಿಯಲ್ಲಿ ಶುದ್ಧ ಡೀಸೆಲ್ ಇಟ್ಟು, ಹೊಸ ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಕೊಟ್ಟು, ಊರ ಹೊರಗಿನ ಏರಿನಲ್ಲಿ ಓಡಿಸಿದೆವು. ನಿಲ್ಲಲಿಲ್ಲ. ದೋಷವು ಟ್ಯಾಂಕು ಮತ್ತು ಫೀಡ್ ಪಂಪಿನ ನಡುವೆ ಇದೆಯೆಂದು ಅಲ್ಲಿಗೆ ಖಾತ್ರಿಯಾಯಿತು. ಒಂದೂವರೆ ಅಡಿ ಪೈಪು, ಎರಡು ಕ್ಲಿಪ್ಪು: 160 ರೂಪಾಯಿ.

ಗ್ಯಾರೇಜಿನವರಿಗೆ ಹೋಗಿ ಹೇಳಿದಾಗ ಅವರು ಬೇಸರಪಟ್ಟುಕೊಳ್ಳಲಿಲ್ಲ. "ಅರ್ಧ ಟ್ಯಾಂಕಿನಲ್ಲಿ, ಏರಿನಲ್ಲಿ ಅಂತ ಅಂದೇ ಹೇಳಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆ, ಸಾರ್" ಎಂದರು. ಅವರು ಕೇಳಬೇಕಿತ್ತು, ನಾವು ಹೇಳಬೇಕಿತ್ತು. ಇಬ್ಬರ ತಪ್ಪಿಗೂ ಹಣ ಕಟ್ಟಿದವರು ನಾವೇ.

ಹೀಗಿರುವಲ್ಲಿ, ಗಾಡಿ ನಿಂತಾಗ ಭಾಗಗಳ ಹೆಸರನ್ನು ನೆನೆಯುವ ಮೊದಲು ಸಂಗತಿಗಳನ್ನು ನೆನೆಯಬೇಕು. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಏರಿನಲ್ಲೋ ಇಳಿಜಾರಿನಲ್ಲೋ? ಮಂಜಿನಲ್ಲೋ ಬಿಸಿಲಿನಲ್ಲೋ? ಡೀಸೆಲ್ ಎಷ್ಟಿತ್ತು, ಎಲ್ಲಿ ತುಂಬಿಸಿದ್ದು? ಒಮ್ಮೆಲೇ ಆರಿತೋ, ಮುಗ್ಗರಿಸಿ ಮುಗ್ಗರಿಸಿ ಆರಿತೋ? ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಹತ್ತಿಕೊಂಡಿತೋ? ಹೊಗೆಯ ಬಣ್ಣ ಯಾವುದು? ಇವಿಷ್ಟನ್ನು ತಿಳಿಯಲು ಒಂದು ಸ್ಪಾನರೂ ಬೇಕಾಗಿಲ್ಲ.

ಇನ್ನು ಪರೀಕ್ಷೆಯ ಕ್ರಮ. ಕೀಲಿ ತಿರುಗಿಸಿದಾಗ ಇಂಜಿನು ತಿರುಗಿತೋ ಇಲ್ಲವೋ ಎಂಬುದು ಮೊದಲನೆಯದು. ತಿರುಗದೆ "ಟಕ್" ಎಂದು ಸುಮ್ಮನಾದರೆ ಪಂಪು, ನಾಜಲುಗಳ ಮಾತು ಎತ್ತುವುದೇ ಬೇಡ. ಅದು ವಿದ್ಯುತ್ತಿನ ಸಂಗತಿ. ತಲೆದೀಪ ಹಾಕಿಕೊಂಡು ಸೆಲ್ಫ್ ಹೊಡೆಯಿರಿ. ದೀಪ ಪೂರಾ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ಲಿನ ಹಿಡಿತ ಸಡಿಲವಾಗಿದೆ. ಅಪರೂಪಕ್ಕೆ ಸೆಲ್ಫ್ ಮೋಟಾರೇ ಕಚ್ಚಿಕೊಂಡಿರಬಹುದು. ದೀಪ ಕದಲದೆ ಉರಿಯುತ್ತಲೇ ಇದ್ದರೆ ವಿದ್ಯುತ್ತು ಸೆಲ್ಫಿಗೆ ತಲುಪಿಲ್ಲ. ಸ್ವಿಚ್ಚು, ಸಾಲಿನಾಯ್ಡು, ತಂತಿ ಇವನ್ನು ನೋಡಿ. ಇಲಿ ಕಡಿದ ತಂತಿಯೂ ಇದರಲ್ಲಿ ಸೇರಿದೆ. ಕಣದ ಪಕ್ಕ ನಿಲ್ಲಿಸುವ ಗಾಡಿಗಳಿಗೆ ಇದು ಮಾಮೂಲು.

ಎಲ್ಲರ ಕಣ್ಣಿಗೂ ತಪ್ಪುವುದು ಅರ್ತಿನ ತಂತಿ, ಅಂದರೆ ಬ್ಯಾಟರಿಯ ಋಣ ತುದಿಯಿಂದ ಚಾಸಿಗೂ ಇಂಜಿನಿಗೂ ಹೋಗುವ ದಪ್ಪ ಪಟ್ಟಿ. ವಿದ್ಯುತ್ತು ಹೋಗುವ ದಾರಿಯಷ್ಟೇ ಹಿಂದಿರುಗುವ ದಾರಿಯೂ ಮುಖ್ಯವೆಂದು ನಾವು ತರಗತಿಯಲ್ಲಿ ಇಪ್ಪತ್ತು ವರ್ಷದಿಂದ ಬಲ್ಬು ಸೆಲ್ಲು ಇಟ್ಟು ಪಾಠ ಹೇಳುತ್ತಿದ್ದೇವೆ. ನಮ್ಮ ಜೀಪಿನ ಅರ್ತು ಮಾತ್ರ ಅಷ್ಟು ವರ್ಷವೂ ತುಕ್ಕು ತಿನ್ನುತ್ತಿತ್ತು! ಒಂದು ಮಲ್ಟಿಮೀಟರು ಈಗ ಅಗ್ಗಕ್ಕೆ ಸಿಗುತ್ತದೆ. ನಿಂತ ಗಾಡಿಯ ಚೆನ್ನಾಗಿ ಚಾರ್ಜಾದ 12 ವೋಲ್ಟಿನ ಬ್ಯಾಟರಿಯಲ್ಲಿ 12.6ರ ಸುಮಾರು ಇರಬೇಕು. 12ಕ್ಕಿಂತ ಕಡಿಮೆಯಾದರೆ ಅದು ಬರಿದಾಗಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನು ಓಡುವಾಗ 13.8ರಿಂದ 14.4ರವರೆಗೆ ತೋರಿಸದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಡೈನಮೋವನ್ನು ನೋಡಿ. ಅರ್ತಿನ ಪರೀಕ್ಷೆಗೆ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಇಂಜಿನಿನ ಬರಿಮೈಗೂ ಇಟ್ಟು ಸೆಲ್ಫ್ ಹೊಡೆಯಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ದಾರಿಯಲ್ಲಿ ತುಕ್ಕಿದೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಆಯಿತು. ಬ್ಯಾಟರಿಯ ಬಳಿ ಬೀಡಿ ಬೇಡ. ಅದರಿಂದ ಏಳುವ ಅನಿಲ ಸಿಡಿಯುತ್ತದೆ.

ಡೀಸೆಲ್ ಇಂಜಿನು ಹೊತ್ತಿಕೊಳ್ಳುವುದು ಗಾಳಿಯನ್ನು ಅದುಮಿದಾಗ ಹುಟ್ಟುವ ಶಾಖದಿಂದ. ಸೆಲ್ಫ್ ನಿಧಾನವಾಗಿ ತಿರುಗಿದರೆ ಆ ಶಾಖ ಹುಟ್ಟುವುದಿಲ್ಲ. ಆದ್ದರಿಂದ ಸೋತ ಬ್ಯಾಟರಿಯ ರೋಗವು ಹೊರಗೆ ಪಂಪಿನ ರೋಗದಂತೆಯೇ ಕಾಣುತ್ತದೆ. ಎಷ್ಟು ಪಂಪುಗಳು ಹೀಗೆ ಅನ್ಯಾಯವಾಗಿ ಬಿಚ್ಚಿಸಿಕೊಂಡಿವೆಯೋ!

ಸೆಲ್ಫ್ ಚುರುಕಾಗಿ ತಿರುಗುತ್ತಿದೆ, ಇಂಜಿನು ಹತ್ತಿಕೊಳ್ಳುತ್ತಿಲ್ಲ ಎಂದಾದರೆ ಒಬ್ಬರನ್ನು ಸೈಲೆನ್ಸರಿನ ಹಿಂದೆ ನಿಲ್ಲಿಸಿ. ಹೊಗೆ ಏನೂ ಬರದಿದ್ದರೆ ಇಂಜಿನಿನ ಒಳಕ್ಕೆ ಡೀಸೆಲ್ಲೇ ಹೋಗುತ್ತಿಲ್ಲ. ಬಿಳಿಯ ಹೊಗೆ ಬಂದರೆ ಹೋಗುತ್ತಿದೆ, ಉರಿಯುತ್ತಿಲ್ಲ. ಎರಡಕ್ಕೂ ಬೇರೆ ಬೇರೆ ದಾರಿ. ಮೊದಲನೆಯದರಲ್ಲಿ ಟ್ಯಾಂಕು, ಸ್ಟಾಪ್ ಕೇಬಲು ಸಿಕ್ಕಿಕೊಂಡಿದೆಯೇ ಎಂಬುದು, ವಿದ್ಯುತ್ತಿನಿಂದ ಡೀಸೆಲ್ ತಡೆಯುವ ಸಾಲಿನಾಯ್ಡು ಇರುವ ಪಂಪಿನಲ್ಲಿ ಕೀಲಿ ಹಾಕಿದಾಗ ಅದು "ಕ್ಲಿಕ್" ಎನ್ನುತ್ತದೆಯೇ ಎಂಬುದು, ಫಿಲ್ಟರು, ಕೊನೆಗೆ ಗಾಳಿ. ಫಿಲ್ಟರಿನ ತಳದ ತಿರುಪು ಬಿಚ್ಚಿ ನೀರು ಇಳಿಸುವುದನ್ನು ಮರೆಯಬೇಡಿ. ಡೀಸೆಲನ್ನು ತೋಟದ ಮನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಇಡುವ ನಮ್ಮವರಿಗೆ ನೀರಿನ ಕಾಟ ತಪ್ಪಿದ್ದಲ್ಲ. ಗಾಳಿ ತೆಗೆಯುವಾಗ ಮೊದಲು ಫಿಲ್ಟರಿನ ತಲೆಯ ತಿರುಪು, ಆಮೇಲೆ ಪಂಪಿನದು, ಕಡೆಗೆ ನಾಜಲ್ ಪೈಪಿನ ನಟ್ಟು. ಗುಳ್ಳೆ ನಿಂತು ಡೀಸೆಲ್ ಧಾರೆಯಾಗುವವರೆಗೆ ಕೈಪಂಪು ಒತ್ತಿ, ತಿರುಪು ಬಿಗಿ ಮಾಡಿ, ಮುಂದಕ್ಕೆ ಹೋಗಬೇಕು. ನಾಜಲ್ ಪೈಪಿಗೆ ಮಾತ್ರ ಕೈಪಂಪು ಸಾಲದು. ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಗಾಳಿ ತೆಗೆದ ಮೇಲೆ ಹತ್ತಿಕೊಂಡು, ನಾಲ್ಕು ದಿನಕ್ಕೆ ಮತ್ತೆ ನಿಂತರೆ, ತೆಗೆದದ್ದು ಗಾಳಿಯನ್ನು ಮಾತ್ರ. ಗಾಳಿ ಬಂದ ದಾರಿ ತೆರೆದೇ ಇದೆ.

ಬಿಳಿ ಹೊಗೆಯ ದಾರಿಯಲ್ಲಿ ಸೆಲ್ಫಿನ ವೇಗ ಮೊದಲು, ಹೀಟರ್ ಪ್ಲಗ್ಗು ಎರಡನೆಯದು. ಎಲ್ಲ ಡೀಸೆಲ್ ಇಂಜಿನುಗಳಿಗೂ ಹೀಟರ್ ಪ್ಲಗ್ಗು ಇರುವುದಿಲ್ಲ. ಇದ್ದರೆ ತಂತಿ ಬಿಚ್ಚಿ ಮೀಟರಿನಲ್ಲಿ ನೋಡಿ. ಒಂದೆರಡು ಓಮಿನೊಳಗೆ ತೋರಿಸಿದರೆ ಜೀವವಿದೆ, ಏನೂ ತೋರಿಸದಿದ್ದರೆ ಸತ್ತಿದೆ. ಇವೆರಡೂ ಸರಿಯಿದ್ದರೆ ಕಂಪ್ರೆಷನ್ನು, ಟೈಮಿಂಗು. ಅಲ್ಲಿಂದ ಮುಂದೆ ನುರಿತವರ ಕೆಲಸ, ನಾವು ಕೈಹಾಕಬಾರದು. ಹೀಟರ್ ಪ್ಲಗ್ಗಿರುವ ಇಂಜಿನಿಗೆ ಗಾಳಿಯ ಬಾಯಲ್ಲಿ ಪೆಟ್ರೋಲು ಅದ್ದಿದ ಬಟ್ಟೆ ಹಿಡಿದು ಹೊತ್ತಿಸುವ ಚಾಳಿಯೊಂದಿದೆ. ಅದನ್ನು ಇಂದೇ ಬಿಡಬೇಕು. ಒಳಗೆ ಸಿಡಿದು ಇಂಜಿನೂ ಹೋಗಬಹುದು, ಮುಖವೂ ಹೋಗಬಹುದು.

ಓಡುತ್ತದೆ, ಆದರೆ ಮಿಸ್ಸಿಂಗ್ ಹೊಡೆಯುತ್ತದೆ ಎನ್ನುವ ಗಾಡಿಯದು ಇನ್ನೂ ಸುಲಭ. ನಾಲ್ಕು ಎತ್ತು ಕಟ್ಟಿದ ಗಾಡಿಯಲ್ಲಿ ಎಳೆಯದ ಎತ್ತು ಯಾವುದೆಂದು ಗೊತ್ತುಮಾಡಬೇಕು, ಅಷ್ಟೇ. ಇಂಜಿನನ್ನು ಮೆಲ್ಲಗೆ ಓಡಬಿಟ್ಟು, ನಾಜಲಿನ ತಲೆಯಲ್ಲಿರುವ ಪೈಪಿನ ನಟ್ಟನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡುತ್ತ ಬನ್ನಿ. ಕೆಲಸ ಮಾಡುತ್ತಿರುವ ಸಿಲಿಂಡರಿನದನ್ನು ಸಡಿಲಿಸಿದರೆ ಇಂಜಿನಿನ ದನಿ ಕುಗ್ಗುತ್ತದೆ. ಯಾವುದನ್ನು ಸಡಿಲಿಸಿದರೂ ದನಿ ಬದಲಾಗುವುದಿಲ್ಲವೋ ಅದೇ ಸೋಮಾರಿ. ಆ ನಾಜಲನ್ನು ಪಕ್ಕದ ಸಿಲಿಂಡರಿನದಕ್ಕೆ ಅದಲುಬದಲು ಮಾಡಿಸಿ. ತಾಮ್ರದ ವಾಷರು ಹೊಸದಿರಲಿ. ರೋಗ ನಾಜಲಿನ ಜೊತೆ ಹೋದರೆ ನಾಜಲ್ಲೇ ಕೆಟ್ಟಿದೆ, ಒಂದೇ ನಾಜಲನ್ನು ಸರಿಮಾಡಿಸಿದರೆ ಸಾಕು. ರೋಗ ಇದ್ದಲ್ಲೇ ಇದ್ದರೆ ವಾಲ್ವು, ರಿಂಗು, ಪಂಪು ಇವುಗಳ ಕಡೆ ನೋಡಬೇಕು. ಕಪ್ಪು ಹೊಗೆಯಾದರೆ ಮೊದಲು ಗಾಳಿಯ ಫಿಲ್ಟರನ್ನು ಬಡಿದು ನೋಡಿ, ನಮ್ಮ ಕೆಂಪು ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಾಜಲಿನ ತುದಿಯಿಂದಾಗಲಿ ಸಡಿಲಿಸಿದ ನಟ್ಟಿನಿಂದಾಗಲಿ ಚಿಮ್ಮುವ ಡೀಸೆಲಿನ ಎದುರಿಗೆ ಕೈ ಒಡ್ಡಬಾರದು. ಅದು ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಕೈಯೇ ಕೊಳೆಯಬಹುದು. ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹೊಸ ಕಾಮನ್ ರೈಲ್ ಇಂಜಿನುಗಳಲ್ಲಂತೂ ಪೈಪಿನೊಳಗಿನ ಒತ್ತಡ ಸಾವಿರ ಬಾರಿಗೂ ಮೀರಿರುತ್ತದೆ. ಅವುಗಳ ನಟ್ಟನ್ನು ಓಡುವಾಗ ಮುಟ್ಟಲೇಬಾರದು. ನಾವು ಹೇಳಿದ್ದೆಲ್ಲ ಹಳೆಯ ಪಂಪಿನ ಗಾಡಿಗೆ ಮಾತ್ರ.

ಪೆಟ್ರೋಲು ಗಾಡಿಗಳು ನಮ್ಮಲ್ಲಿ ಕಡಿಮೆಯಾದರೂ ಹಳೆಯ ಓಮ್ನಿ, ಅಲ್ಲೊಂದು ಇಲ್ಲೊಂದು ವಿಲ್ಲೀಸ್ ಜೀಪು ಇನ್ನೂ ಉಳಿದಿವೆ. ಅವಕ್ಕೆ ಪ್ರಶ್ನೆ ಎರಡೇ: ಕಿಡಿ ಇದೆಯೇ, ಪೆಟ್ರೋಲು ಬರುತ್ತಿದೆಯೇ? ಪ್ಲಗ್ಗನ್ನು ಬಿಚ್ಚಿ, ಅದರ ಮೈಯನ್ನು ಇಂಜಿನಿಗೆ ತಾಗಿಸಿ, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು, ಹತ್ತಿರದಲ್ಲಿ ಪೆಟ್ರೋಲು ಇಲ್ಲದಂತೆ ನೋಡಿಕೊಂಡು ಸೆಲ್ಫ್ ಹೊಡೆಯಿಸಿ. ನೀಲಿ ಕಿಡಿ ಚಟಚಟ ಎಂದರೆ ಸರಿ. ಹಳದಿಯಾಗಿ ಸೊರಗಿದ್ದರೆ ಪಾಯಿಂಟು, ಕಂಡೆನ್ಸರು, ಕಾಯಿಲು ನೋಡಿ. ವಿಲ್ಲೀಸ್ ಜೀಪಿನ ಪಾಯಿಂಟಿನ ಸಂದು ಅರ್ಧ ಮಿಲಿಮೀಟರು, ಪ್ಲಗ್ಗಿನದು ಮುಕ್ಕಾಲು. ಪ್ಲಗ್ಗಿನ ತುದಿ ಹುರಿದ ಕಾಫಿಬೀಜದ ತೆಳು ಬಣ್ಣಕ್ಕಿದ್ದರೆ ಆರೋಗ್ಯ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ತಂತಿಗಳನ್ನು ಕಿತ್ತ ಮೇಲೆ ಯಾವುದು ಎಲ್ಲಿಯದೆಂದು ತಿಳಿಯದೆ ಪೇಚಾಡುವವರು ಬಹಳ. ಜೀಪು, ಅಂಬಾಸಡರ್, ಪದ್ಮಿನಿ ಮೂರಕ್ಕೂ ಉರಿಯುವ ಸರದಿ 1-3-4-2; ಮೂರು ಸಿಲಿಂಡರಿನ ಓಮ್ನಿಗೆ 1-3-2. ಮಂಜಿನ ಬೆಳಗ್ಗೆ ಮಾತ್ರ ಮುನಿಸಿಕೊಳ್ಳುವ ಗಾಡಿಯ ಡಿಸ್ಟ್ರಿಬ್ಯೂಟರ್ ಮುಚ್ಚಳವನ್ನು ಒಣಬಟ್ಟೆಯಲ್ಲಿ ಒರೆಸಿ ನೋಡಿ. ಓಡಿ ಬಿಸಿಯಾದ ಮೇಲೆ ಆರಿ, ತಣಿದ ಮೇಲೆ ಹತ್ತುವುದಾದರೆ ಕಾಯಿಲಿನ ಮೇಲೆ ಅನುಮಾನವಿಡಿ.

ಪೆಟ್ರೋಲಿನಲ್ಲಿಯೇ ಈಗೊಂದು ಹೊಸ ಸಂಗತಿ ಸೇರಿದೆ. 2025ರಲ್ಲಿ ದೇಶದ ಪೆಟ್ರೋಲಿಗೆ ಎಥನಾಲಿನ ಬೆರಕೆ ನೂರಕ್ಕೆ ಇಪ್ಪತ್ತು ಮುಟ್ಟಿತು. ಹಳೆಯ ಗಾಡಿಗಳ ರಬ್ಬರ್ ಪೈಪು, ಕಾರ್ಬೊರೇಟರಿನ ಪದರಗಳನ್ನು ಈ ಬೆರಕೆಗಾಗಿ ಮಾಡಿದ್ದಲ್ಲ. ಎಥನಾಲು ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ, ಇಂಜಿನು ಹೀರುವುದೂ ತಳದಿಂದಲೇ. ತಿಂಗಳುಗಟ್ಟಲೆ ನಿಂತ ಓಮ್ನಿ ಹತ್ತದಿದ್ದರೆ ಮೊದಲು ಹಳೆಯ ಪೆಟ್ರೋಲನ್ನು ಇಳಿಸಿ. ಕಬ್ಬು, ಮುಸುಕಿನ ಜೋಳ ಬೆಳೆಯುವವರು ನಾವು; ನಾವು ಬೆಳೆದದ್ದೇ ಎಥನಾಲಾಗಿ ಬಂದು ನಮ್ಮ ಗಾಡಿಯ ಪೈಪನ್ನು ತಿನ್ನುವುದು ಸೋಜಿಗವೇ ಸರಿ. ಬೆರಕೆಯನ್ನು ನಾವು ವಿರೋಧಿಸುವವರಲ್ಲ, ಆದರೆ ಪೈಪು ಬದಲಿಸಿಕೊಳ್ಳಿರೆಂದು ಹಳೆಯ ಗಾಡಿಯವರಿಗೆ ಅವರವರ ಭಾಷೆಯಲ್ಲಿ ಹೇಳುವವರು ಬೇಕು.

ಭಾಷೆಯ ಮಾತು ಬಂದಿತು. ನಮ್ಮ ಕಡೆ ಗ್ಯಾರೇಜಿನ ಭಾಷೆ ತಮಿಳು. ಕಾಸರಗೋಡಿನವರಿಗೆ ಮಲಯಾಳ, ಜತ್ತ ಅಕ್ಕಲಕೋಟೆಯವರಿಗೆ ಮರಾಠಿ, ರಾಯದುರ್ಗ ಮಡಕಶಿರಾದವರಿಗೆ ತೆಲುಗು. ಭಾಗದ ಹೆಸರಿಗೆ ತೊಡಕಿಲ್ಲ. ನಾಜಲ್ಲು ಎಲ್ಲ ಕಡೆಯೂ ನಾಜಲ್ಲೇ. ಮುಗ್ಗರಿಸುತ್ತದೆ, ಕೆಮ್ಮುತ್ತದೆ, ಉಬ್ಬಸ ಪಡುತ್ತದೆ ಎಂಬ ನಮ್ಮ ಮನೆಮಾತಿನ ಲಕ್ಷಣಗಳು ಮಾತ್ರ ಆಚೆಗೆ ದಾಟುವುದಿಲ್ಲ. ದಾಟದ್ದರಿಂದಲೇ ನಮ್ಮವರು ಭಾಗದ ಹೆಸರು ಹಿಡಿಯುತ್ತಾರೆ. "ಪಂಪ್ ಹೋಗಿದೆ" ಎಂದು ತಾವೇ ತೀರ್ಪು ಕೊಡುತ್ತಾರೆ. ಮೆಕ್ಯಾನಿಕ ಅದನ್ನೇ ಬಿಚ್ಚುತ್ತಾನೆ. ಇದಕ್ಕೆ ನಾವು ಕಂಡ ಉಪಾಯ, ಗಾಡಿಯಲ್ಲೊಂದು ಎರಡು ಹಾಳೆಯ ನೋಟುಪುಸ್ತಕ. ದಿನ, ಹೊತ್ತು, ಜಾಗ, ಟ್ಯಾಂಕಿನ ಮಟ್ಟ, ಹೊಗೆಯ ಬಣ್ಣ, ಏನು ಬದಲಿಸಿತು, ಎಷ್ಟು ಕೊಟ್ಟೆವು. ಅಂಕಿಗೂ ಬಣ್ಣಕ್ಕೂ ಗಡಿಯಿಲ್ಲ. ನಮ್ಮ ಬಿಳಿ ಹೊಗೆ ತಮಿಳರಿಗೆ ವೆಳ್ಳೈ ಪುಗೈ, ಮಲಯಾಳಿಗಳಿಗೆ ವೆಳುತ್ತ ಪುಗ, ತೆಲುಗರಿಗೆ ತೆಲ್ಲ ಪೊಗ, ಮರಾಠರಿಗೆ ಪಾಂಢರಾ ಧೂರ್. ಇಷ್ಟು ಕಲಿತರೆ ಸಾಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಮನೆಗೆ ತರುವುದನ್ನೂ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದನ್ನೂ ರೂಢಿ ಮಾಡಿಕೊ‍ಳ್ಳಬೇಕು. ಮೂರನ್ನು ಒಟ್ಟಿಗೆ ಬದಲಿಸಿ ಗಾಡಿ ಸರಿಹೋದರೆ ಕೆಟ್ಟದ್ದು ಯಾವುದೆಂದು ದೇವರಿಗೂ ತಿಳಿಯದು.

ಕನ್ನಡ ಮಾಧ್ಯಮದ ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ಎರಡು ಮಧ್ಯಾಹ್ನ ಒಂದು ಹಳೆಯ ಗಾಡಿಯ ಬಾನೆಟ್ಟು ತೆರೆದು ಮಕ್ಕಳನ್ನು ಸುತ್ತ ನಿಲ್ಲಿಸಬೇಕೆಂಬುದು ನಮ್ಮ ಇನ್ನೊಂದು ಸೂಚನೆ. ನಾವು ಮಾಡಿ ನೋಡಿದ್ದೇವೆ. ಬೋರ್ಡಿನ ಮೇಲಿನ ಚಿತ್ರಕ್ಕಿಂತ ತುಕ್ಕು ಹಿಡಿದ ಅರ್ತು ಚೆನ್ನಾಗಿ ಪಾಠ ಹೇಳುತ್ತದೆ.

ಹಳೆಯದನ್ನು ಮಾರಿ ಹೊಸದನ್ನು ಕೊಳ್ಳಬಾರದೇ ಎನ್ನುವವರುಂಟು. ಚಾಸಿಗೆ ತುಕ್ಕು ಹಿಡಿದು, ಬ್ರೇಕು ನಂಬಿಕೆಗೆ ಅರ್ಹವಲ್ಲದಿದ್ದರೆ ಮಾರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸ್ವಂತ ಬಳಕೆಯ ಗಾಡಿಗೆ 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕಾದುದೂ ಖರ್ಚಿನ ಬಾಬತ್ತು; 2022ರ ಏಪ್ರಿಲಿನಲ್ಲಿ ಆ ಶುಲ್ಕವನ್ನು ಬಹಳ ಏರಿಸಿದರು. ಆದರೆ ಎರಡೆಕರೆ ಟೊಮೇಟೊ ಬೆಳೆಯುವವನು ಲಕ್ಷಾಂತರ ರೂಪಾಯಿ ಸಾಲವನ್ನು ತಲೆಯ ಮೇಲೆಳೆದುಕೊಳ್ಳುವುದಕ್ಕೆ 160 ರೂಪಾಯಿಯ ಪೈಪು ಕಾರಣವಾಗಬಾರದು. 2020ರ ಏಪ್ರಿಲಿನಿಂದ ಬಂದ ಹೊಸ ಮಾನಕದ ಗಾಡಿಗಳ ರೋಗವನ್ನು ಕಂಪ್ಯೂಟರು ಹಚ್ಚಿ ಓದಬೇಕು. ಹಾಸನೂರಿನ ಕಾಡಿನಲ್ಲಿ ಅದು ನಿಂತರೆ ನಮ್ಮ ಕಿವಿ, ಮೂಗು, ಸ್ಪಾನರುಗಳು ಅಷ್ಟಾಗಿ ನಡೆಯವು.

ಕಳೆದ ಹಂಗಾಮಿನಲ್ಲಿ ಪಕ್ಕದ ಹಳ್ಳಿಯವರೊಬ್ಬರು ತಮ್ಮ ಹಳೆಯ ಟ್ರ್ಯಾಕ್ಟರಿನ ಪಂಪು ಇಳಿಸಲು ಹಣ ಹೊಂದಿಸಿಕೊಂಡು ಹೊರಟಿದ್ದರು. ಮೂರು ದಿನ ತಡೆದು, ನೋಡಿದ್ದನ್ನು ಬರೆಯಿರಿ ಎಂದೆವು. ಅವರು ಬರೆದು ತಂದದ್ದು ನಾಲ್ಕೇ ಸಾಲು: ಬೆಳಿಗ್ಗೆ ಮಾತ್ರ, ಬಿಳಿ ಹೊಗೆ, ಸೆಲ್ಫ್ ನಿಧಾನ, ಬಿಸಿಲೇರಿದ ಮೇಲೆ ತಕರಾರಿಲ್ಲ. ತಮಿಳು ಬಲ್ಲ ಅವರ ಅಳಿಯ ಗ್ಯಾರೇಜಿನಲ್ಲಿ ಅದನ್ನು ಓದಿ ಹೇಳಿದ. ಮೆಕ್ಯಾನಿಕ ಪಂಪಿನ ಕಡೆ ತಿರುಗಿಯೂ ನೋಡದೆ ಮೀಟರು ತೆಗೆದು ಅರ್ತಿಗೆ ಹಿಡಿದ. ಪಟ್ಟಿ ಬಿಚ್ಚಿದಾಗ ಅದರ ತುದಿ ಹಸಿರು ಪುಡಿಯಾಗಿ ಉದುರಿತು. ಅರ್ಧ ಗಂಟೆಯ ಕೆಲಸ, 300 ರೂಪಾಯಿ. ಆ ಮಧ್ಯಾಹ್ನವೇ ಟ್ರ್ಯಾಕ್ಟರು ಅರಿಶಿನದ ಹೊಲಕ್ಕೆ ಇಳಿಯಿತು.